ಹರಳಿನ ಹೊಳಪೂ ರಶೀದಿಯ ಮೌನವೂ

ಈ ಸಲದ ಸ್ಮರಣ ಸಂಚಿಕೆಯ ಆರೋಗ್ಯ ವಿಭಾಗಕ್ಕೆ ಒಂದು ಲೇಖನ ಬೇಕೆಂದು ಸಂಪಾದಕ ಮಿತ್ರರು ಕೇಳಿದಾಗ, ರತ್ನಗಳನ್ನು ಕುರಿತು ಬರೆಯುತ್ತೇನೆಂದೆ. ಅವರು ನಕ್ಕು, "ಅದು ಆಭರಣದ ವಿಷಯವಾಯಿತಲ್ಲ! ಆರೋಗ್ಯಕ್ಕೂ ಅದಕ್ಕೂ ಏನು ಸಂಬಂಧ?" ಎಂದರು. ಸಂಬಂಧವಿರಕೂಡದೆಂಬುದೇ ನನ್ನ ಅಭಿಪ್ರಾಯ. ಆದರೆ ಮಾಣಿಕ್ಯ ಕಣ್ಣಿಗೆ, ಹವಳ ರಕ್ತಕ್ಕೆ, ಪಚ್ಚೆ ನರಗಳಿಗೆ, ಪುಷ್ಯರಾಗ ಸಕ್ಕರೆ ಕಾಯಿಲೆಗೆ ಎಂದು ವಿಂಗಡಿಸಿ ಮಾರುವ ಅಂಗಡಿಗಳು ನಮ್ಮ ಸುತ್ತಮುತ್ತ ಇರುವಾಗ, ಮತ್ತು ನಮ್ಮವರೇ ಅಲ್ಲಿಗೆ ಹೋಗಿ ಬೆರಳೊಡ್ಡಿ ನಿಲ್ಲುತ್ತಿರುವಾಗ, ವಿಷಯವು ಅಕ್ಕಸಾಲೆಯಿಂದ ಆಸ್ಪತ್ರೆಗೆ ಬಂದುಬಿಟ್ಟಿದೆಯೆಂದೇ ಹೇಳಬೇಕಾಗಿದೆ.

ದಿವಾ ಪೂರ್ವದಲ್ಲಿ ನಮ್ಮ ಕಟ್ಟಡದಲ್ಲಿಯೇ ಇರುವ ಹಿರಿಯರೊಬ್ಬರ ಅನುಭವವನ್ನು ಮೊದಲು ನಿವೇದಿಸುತ್ತೇನೆ. ಹೆಸರು ಬೇಡ, ಅವರ ಒಪ್ಪಿಗೆ ಪಡೆದೇ ಬರೆಯುತ್ತಿದ್ದೇನೆ. ಕೋಟೆ ವಿಭಾಗದ ಹೋಟೆಲೊಂದರಲ್ಲಿ ಬಾಲಕನಾಗಿ ಸೇರಿ, ಹಗಲು ದುಡಿದು, ರಾತ್ರಿಶಾಲೆಯಲ್ಲಿ ಓದಿ, ಗಲ್ಲಾಪೆಟ್ಟಿಗೆಯ ಮುಂದೆ ಕೂರುವವರೆಗೆ ಏರಿದವರು. ಅವರ ಎರಡು ಕಣ್ಣುಗಳಿಗೂ ಪೊರೆ ಬಂದಿತ್ತು. ಬಲಗಣ್ಣಿನ ಶಸ್ತ್ರಕ್ರಿಯೆಯನ್ನು ತಡಮಾಡದೆ ಮಾಡಿಸಿಕೊಳ್ಳಬೇಕೆಂದು ವೈದ್ಯರು ತಿಳಿಸಿದ್ದರು. ಅವರಿಗೆ ಕತ್ತರಿಯ ಭಯ. ಆಗ ಅವರ ಕಣ್ಣಿಗೆ, ಅಂದರೆ ಉಳಿದಷ್ಟು ದೃಷ್ಟಿಗೆ, ಬಿದ್ದದ್ದು ನಮ್ಮದೇ ಸಂಚಿಕೆಯ ಹಿಂದಿನ ಒಂದು ವರ್ಷದ ಅರ್ಧಪುಟದ ಜಾಹೀರಾತು. ರವಿಗ್ರಹದ ದೋಷಕ್ಕೂ ನೇತ್ರರೋಗಕ್ಕೂ ಶುದ್ಧ ನೈಸರ್ಗಿಕ ಮಾಣಿಕ್ಯವನ್ನು ಸೂಚಿಸುವ ಜಾಹೀರಾತು ಅದು.

ಹುಡುಕಿಕೊಂಡು ಹೋದರು. ಅಂಗಡಿಯವರು ಊರ ಕಡೆಯ ಕನ್ನಡದಲ್ಲಿ ಮಾತನಾಡಿಸಿದರು, ಚಹಾ ತರಿಸಿದರು, ಯಾವ ಗ್ರಾಮ, ಯಾವ ಮನೆತನ ಎಂದು ವಿಚಾರಿಸಿದರು. ಪರಸ್ಥಳದಲ್ಲಿ ನಾಲ್ಕು ದಶಕ ಕಳೆದ ಮನುಷ್ಯನಿಗೆ ಆ ನಾಲ್ಕು ಮಾತುಗಳೇ ಪ್ರಮಾಣಪತ್ರವಾದವು. "ಇದು ಭೂಮಿಯಿಂದ ಬಂದ ಹಾಗೆಯೇ ಇದೆ. ಬೆಂಕಿ ಕಂಡಿಲ್ಲ, ಮದ್ದು ಕಂಡಿಲ್ಲ. ಕಾಯಿಸಿದ ಹರಳಿಗೆ ಶಕ್ತಿ ಎಲ್ಲಿಂದ ಬರಬೇಕು?" ಎಂದು ಹೇಳಿ, ಐದೂಕಾಲು ರತ್ತಿಯ ಕೆಂಪು ಹರಳನ್ನು ಬಂಗಾರದ ಉಂಗುರದಲ್ಲಿ ಕೂರಿಸಿ, 36 ಸಾವಿರ ರೂಪಾಯಿ ತೆಗೆದುಕೊಂಡರು. ಶಸ್ತ್ರಕ್ರಿಯೆಗೆಂದು ತೆಗೆದಿಟ್ಟಿದ್ದ ಹಣ ಅದು. ಉಂಗುರದ ಒಳಮೈಯಲ್ಲಿ ಹಾಲ್‌ಮಾರ್ಕ್ ಮುದ್ರೆ ಇತ್ತು. ಜತೆಗೆ ಬಣ್ಣದ ಚಿತ್ರವಿದ್ದ ಒಂದು ಕಾರ್ಡು ಕೊಟ್ಟರು.

ಹದಿನಾಲ್ಕು ತಿಂಗಳು ಕಾದರು. ಮೊದಮೊದಲು ಬೆಳಕು ಹೆಚ್ಚಿದಂತೆ ಭಾಸವಾಯಿತಂತೆ. ಒಂದು ಸಂಜೆ ಸ್ಟೇಷನ್ನಿನ ಪಾದಚಾರಿ ಸೇತುವೆಯ ಕೊನೆಯ ಮೆಟ್ಟಿಲು ಕಾಣದೆ ಬಿದ್ದು ಬಲಗೈ ಮಣಿಕಟ್ಟನ್ನು ಮುರಿದುಕೊಂಡರು. ಬೆರಳು ಊದಿಕೊಂಡದ್ದರಿಂದ ಆಸ್ಪತ್ರೆಯವರು ಉಂಗುರವನ್ನು ಕತ್ತರಿಸಿ ತೆಗೆದರು. ಕೈ ನೆಟ್ಟಗಾದ ಮೇಲೆ ಅದನ್ನು ಬೆಸೆಯಲು ತಮ್ಮ ಬಹುಕಾಲದ ಸ್ನೇಹಿತರಾದ ಅಕ್ಕಸಾಲಿಗರೊಬ್ಬರಿಗೆ ಕೊಟ್ಟರು. ಮಾಣಿಕ್ಯ ಬೆಂಕಿಗೆ ಹೆದರುವ ಕಲ್ಲಲ್ಲವೆಂಬುದು ಆ ವೃತ್ತಿಯ ಪರಂಪರಾಗತ ತಿಳಿವಳಿಕೆ. ಆದುದರಿಂದ ಅವರು ಹರಳನ್ನು ಬಿಚ್ಚದೆಯೇ ಊದುಗೊಳವೆಯ ಜ್ವಾಲೆಯನ್ನು ಹಿಡಿದರು. ಕ್ಷಣಾರ್ಧದಲ್ಲಿ ಹರಳು ಮಂಕಾಯಿತು. ಒಳಗೆಲ್ಲ ಜೇಡನ ಬಲೆಯಂತೆ ಬಿಳಿಯ ಬಿರುಕುಗಳು ಮೂಡಿದವು. "ನನ್ನ ಕಣ್ಣಿನ ಪೊರೆ ಹರಳಿಗೂ ಬಂತು" ಎಂದು ಆ ಹಿರಿಯರು ಈಗ ನಗುತ್ತಾರೆ. ಆ ದಿನ ನಗಲಿಲ್ಲ. ಅಂಗಡಿಯವರು, "ನಿಮ್ಮ ಅಕ್ಕಸಾಲಿ ಹರಳನ್ನು ಬದಲಾಯಿಸಿದ್ದಾನೆ" ಎಂದುಬಿಟ್ಟರು. ಅಕ್ಕಸಾಲಿಯ ಕೈಯನ್ನು ಕುರಿತ ನಮ್ಮ ಹಳೆಯ ಗಾದೆ ಯಾರಿಗೆ ಗೊತ್ತಿಲ್ಲ? ಮೂವತ್ತು ವರ್ಷದ ಸ್ನೇಹ ಮುರಿಯಿತು.

ಉಂಗುರವನ್ನೂ ಕಾರ್ಡನ್ನೂ ನನ್ನ ಬಳಿ ತಂದರು. ರಾತ್ರಿಶಾಲೆಯಲ್ಲಿ ರಸಾಯನಶಾಸ್ತ್ರ ಕಲಿಸಿದವನೆಂಬ ಕಾರಣಕ್ಕೆ ಇಂಥ ಪಂಚಾಯಿತಿಕೆಗಳು ನನ್ನ ಬಾಗಿಲಿಗೆ ಬರುವುದುಂಟು. ಕಾರ್ಡಿನಲ್ಲಿ ದಪ್ಪಕ್ಷರಗಳಲ್ಲಿ 'ನ್ಯಾಚುರಲ್ ರೂಬಿ' ಎಂದಿತ್ತು. ಕೆಳಗಡೆ, 'ಕಾಮೆಂಟ್ಸ್' ಎಂಬಲ್ಲಿ, ಸಾಸಿವೆ ಕಾಳಿಗಿಂತ ಸಣ್ಣದಾದ ಇಂಗ್ಲಿಷ್ ಅಕ್ಷರಗಳಲ್ಲಿ, 'ಲೆಡ್ ಗ್ಲಾಸ್ ಫಿಲ್ಡ್' ಎಂದಿತ್ತು. ಅಂದರೆ ಸೀಸದ ಗಾಜು ತುಂಬಿದ ಹರಳು. ಎರಡು ಕಣ್ಣಿಗೂ ಪೊರೆ ಬಂದವರು ಇದನ್ನು ಓದಿಕೊಳ್ಳಬೇಕಾಗಿತ್ತು!

ಗಾಜು ತುಂಬುವುದೆಂದರೇನೆಂಬುದನ್ನು ಸ್ವಲ್ಪ ವಿವರಿಸಬೇಕು. ಮಾಣಿಕ್ಯವೂ ನೀಲವೂ ಪುಷ್ಯರಾಗವೂ ಒಂದೇ ಖನಿಜದ ಮಕ್ಕಳು. ಆ ಖನಿಜಕ್ಕೆ ಕೊರಂಡಂ ಎಂದು ಹೆಸರು. ನಮ್ಮ ದಕ್ಷಿಣದ 'ಕುರುಂದ' ಎಂಬ ಮಾತಿನಿಂದಲೇ ಬಂದ ಹೆಸರು. ಶುದ್ಧ ಸ್ಥಿತಿಯಲ್ಲಿ ಅದು ಬಣ್ಣವಿಲ್ಲದ ಅಲ್ಯುಮಿನಿಯಂ ಆಕ್ಸೈಡ್. ಅತ್ಯಲ್ಪ ಕ್ರೋಮಿಯಂ ಸೇರಿದರೆ ಕೆಂಪು, ಕಬ್ಬಿಣ ಮತ್ತು ಟೈಟೇನಿಯಂ ಸೇರಿದರೆ ನೀಲಿ. ವಜ್ರವನ್ನು ಬಿಟ್ಟರೆ ಸಾಮಾನ್ಯ ಬಳಕೆಯ ರತ್ನಗಳಲ್ಲಿ ಇದರಷ್ಟು ಗಟ್ಟಿಯಾದದ್ದು ಮತ್ತೊಂದಿಲ್ಲ. ಮೈಸೂರು ಸೀಮೆಯಲ್ಲಿಯೂ ಕೊರಂಡಂ ದೊರೆಯುತ್ತದೆ. ಆದರೆ ಅದರ ಬಹುಭಾಗ ಬೆಳಕು ಹಾಯದಂಥದು. ಸಾಣೆ ಹಿಡಿಯಲು, ಗುಂಡಗೆ ಉಜ್ಜಿ ನಕ್ಷತ್ರ ತೋರಿಸುವ ಅಗ್ಗದ ಹರಳಾಗಿಸಲು ಅದು ತಕ್ಕದ್ದು. ಭೂಮಿ ಕೊಡುವುದರಲ್ಲಿ ತಿಳಿಯಾದದ್ದು ಕಡಿಮೆ, ಬಿರುಕಿನದು ಹೆಚ್ಚು. ಕೊಳ್ಳುವವರಿಗೆಲ್ಲ ತಿಳಿಯಾದದ್ದೇ ಬೇಕು. ಇವೆರಡರ ನಡುವಣ ಕಂದಕವನ್ನು ತುಂಬುವ ವಿದ್ಯೆಯೇ ಹರಳಿನ ಸಂಸ್ಕಾರ.

ಸಂಸ್ಕಾರ ಹೊಸದೇನೂ ಅಲ್ಲ, ಅದೆಲ್ಲವೂ ಮೋಸವೂ ಅಲ್ಲ. ಹನ್ನೊಂದನೆಯ ಶತಮಾನದ ಅಲ್ ಬಿರೂನಿ ಮಾಣಿಕ್ಯವನ್ನು ಕಾಯಿಸುವುದನ್ನು ಬಲ್ಲ. ಸಿಂಹಳದ ಹಾಲುಬಣ್ಣದ 'ಗ್ಯೂಡ' ಕಲ್ಲುಗಳಿಗೆ ಒಂದು ಕಾಲದಲ್ಲಿ ಬೆಲೆಯೇ ಇರಲಿಲ್ಲ. 1970ರ ದಶಕದಲ್ಲಿ ಥಾಯ್ಲೆಂಡಿನ ವ್ಯಾಪಾರಿಗಳು ಅವನ್ನು ಕೊಂಡುಹೋಗಿ, 1600 ಡಿಗ್ರಿ ಸೆಲ್ಸಿಯಸ್ ಮೀರಿದ ಕುಲುಮೆಗಳಲ್ಲಿ ಬೇಯಿಸಿ, ಮನೋಹರವಾದ ನೀಲಗಳನ್ನಾಗಿ ಮಾಡತೊಡಗಿದರು. ಒಳಗಿನ ರೇಷ್ಮೆಯಂಥ ಟೈಟೇನಿಯಂ ಎಳೆಗಳು ಕರಗಿ ಬಣ್ಣವಾಗುತ್ತವೆ. ಆ ಬಣ್ಣ ಶಾಶ್ವತ. ಇಂದು ಪೇಟೆಯಲ್ಲಿರುವ ಮಾಣಿಕ್ಯ ಮತ್ತು ನೀಲಗಳ ಬಹುಪಾಲು ಕುಲುಮೆಯನ್ನು ಕಂಡವೇ. ಪಚ್ಚೆಯ ಬಿರುಕುಗಳಿಗೆ ಎಣ್ಣೆ ಅಥವಾ ರಾಳ ಹೀರಿಸುವುದು ವಾಡಿಕೆ. ಬಿಸಿನೀರಿಗೆ ಬಿದ್ದರೆ ಎಣ್ಣೆ ಸೋರಿ ಬಿರುಕು ಮತ್ತೆ ಮುಖ ತೋರಿಸುತ್ತದೆ. ಪುಷ್ಯರಾಗದ ಬದಲಿಗೆ ಕೊಡುವ ಹಳದಿಯ 'ಸುನೇಲಾ' ಹರಳು ಬಹುಮಟ್ಟಿಗೆ ಕಾಯಿಸಿದ ನೇರಳೆ ಬಣ್ಣದ ಸ್ಫಟಿಕವೇ. ಹವಳಕ್ಕಂತೂ ಸೀರೆಗೆ ಹಾಕಿದ ಹಾಗೆ ಬಣ್ಣ ಹಾಕುವುದುಂಟು. 2002ರಲ್ಲಿ ಥಾಯ್ಲೆಂಡಿನಿಂದ ಬಂದ ಕಿತ್ತಳೆ ಬಣ್ಣದ ನೀಲಮಣಿಗಳಿಗೆ ಬೆರಿಲಿಯಂ ಧಾತುವನ್ನು ಶಾಖದಿಂದ ಒಳಗಿಳಿಸಿದ್ದಾರೆಂಬುದು ಬಯಲಾದಾಗ ದೊಡ್ಡ ದೊಡ್ಡ ಪರೀಕ್ಷಾಲಯಗಳೇ ತಬ್ಬಿಬ್ಬಾದವು.

ಇವೆಲ್ಲಕ್ಕಿಂತ ಒಂದು ಹೆಜ್ಜೆ ಮುಂದೆ ಹೋದದ್ದು 2004ರ ಸುಮಾರಿಗೆ ಪೇಟೆಗೆ ಬಂದ ಸೀಸದ ಗಾಜಿನ ಮಾಣಿಕ್ಯ. ಎಸೆಯಲು ಯೋಗ್ಯವಾದ, ಬಿರುಕುಗಳಿಂದ ಜರಡಿಯಾದ ಕೊರಂಡಂ ತುಂಡನ್ನು ಆಮ್ಲದಲ್ಲಿ ತೊಳೆದು, ಸೀಸ ಬೆರೆತ ಗಾಜಿನ ಪುಡಿಯೊಡನೆ ಕಾಯಿಸುತ್ತಾರೆ. ಗಾಜು ಕರಗಿ ಬಿರುಕುಗಳಲ್ಲೆಲ್ಲ ಹರಿಯುತ್ತದೆ. ಈ ಗಾಜು ಬೆಳಕನ್ನು ಬಗ್ಗಿಸುವ ಪ್ರಮಾಣ ಮಾಣಿಕ್ಯದ ಪ್ರಮಾಣಕ್ಕೆ ಸಮೀಪವಾದುದರಿಂದ ಬಿರುಕು ಕಣ್ಣಿಗೆ ಕಾಣದೆ ಅಡಗಿಬಿಡುತ್ತದೆ. ಹತ್ತುಪಟ್ಟಿನ ಭೂತಗನ್ನಡಿಯಲ್ಲಿ ನೋಡಬಲ್ಲವರಿಗೆ ಒಳಗಿನ ಗಾಳಿಗುಳ್ಳೆಗಳೂ ನೀಲಿಯ ಮಿಂಚೂ ಕಾಣುತ್ತವೆ. ಇಂಥ ಹರಳಿನ ಸಗಟು ಬೆಲೆ ಕ್ಯಾರೆಟ್ಟಿಗೆ ಕೆಲವೇ ಡಾಲರು. ಅಕ್ಕಸಾಲಿಗನ ಜ್ವಾಲೆ ಅದಕ್ಕೆ ಶತ್ರು; ನಿಂಬೆಹುಳಿಯೂ ಶತ್ರು. ನಮ್ಮ ಅಕ್ಕಸಾಲಿಗ ಮಿತ್ರರು ಮಾಡಿದ ಅಪರಾಧವೆಂದರೆ ಮಾಣಿಕ್ಯವನ್ನು ಮಾಣಿಕ್ಯವೆಂದು ನಂಬಿದ್ದು.

ಆರೋಗ್ಯದ ದೃಷ್ಟಿಯಿಂದ ಇನ್ನೊಂದು ಮಾತು. ಹರಳನ್ನು ರಾತ್ರಿಯಿಡೀ ನೀರಿನಲ್ಲಿಟ್ಟು ಬೆಳಿಗ್ಗೆ ಆ ನೀರನ್ನು ಕುಡಿಯಬೇಕೆಂದು ಹೇಳಿಕೊಡುವವರೂ ಇದ್ದಾರೆ. ಸೀಸದ ಗಾಜಿನ ಪಾತ್ರೆಯಲ್ಲಿಟ್ಟ ಹುಳಿಯ ಪಾನೀಯಕ್ಕೆ ಸೀಸ ಇಳಿಯುವುದು ಬಹುಕಾಲದಿಂದ ಗೊತ್ತಿರುವ ಸಂಗತಿ. ಸೀಸವು ಮಿದುಳಿಗೂ ಮೂತ್ರಪಿಂಡಕ್ಕೂ ವಿಷ. ಮಕ್ಕಳಿಗೆ ಇಷ್ಟರ ಮಟ್ಟಿಗೆ ಪರವಾಗಿಲ್ಲವೆಂಬ ಸುರಕ್ಷಿತ ಮಿತಿಯನ್ನು ವಿಶ್ವ ಆರೋಗ್ಯ ಸಂಸ್ಥೆ ಒಪ್ಪುವುದಿಲ್ಲ. ಬೆರಳಲ್ಲಿ ಧರಿಸಿದರೆ ಹಣ ಹೋದೀತು, ಅಷ್ಟೆ. ನೆನೆಹಾಕಿ ಕುಡಿಯುವ ಸಾಹಸವನ್ನು ಮಾತ್ರ ಯಾರೂ ಮಾಡಬಾರದೆಂದು ಕೈಮುಗಿದು ಕೇಳಿಕೊಳ್ಳುತ್ತೇನೆ.

ರತ್ನಪರೀಕ್ಷೆ ನಮ್ಮವರಿಗೆ ಅಪರಿಚಿತವಾದ ಶಾಸ್ತ್ರವಲ್ಲ. ಲೋಕಲ್ ಗಾಡಿ ಕಲ್ಯಾಣ ತಲಪಿದಾಗಲೆಲ್ಲ ನನಗೆ ನಮ್ಮ ಇನ್ನೊಂದು ಕಲ್ಯಾಣದ, ಬೀದರ ಜಿಲ್ಲೆಯ ಬಸವಕಲ್ಯಾಣದ, ನೆನಪಾಗುತ್ತದೆ. ಅಲ್ಲಿಂದ ಆಳಿದ ಚಾಲುಕ್ಯ ಮೂರನೆಯ ಸೋಮೇಶ್ವರ ಸುಮಾರು 1129ರಲ್ಲಿ ರಚಿಸಿದ 'ಮಾನಸೋಲ್ಲಾಸ'ದಲ್ಲಿ ರಾಜಭಂಡಾರದ ಪ್ರಕರಣವೊಂದಿದ್ದು, ಅದರಲ್ಲಿ ರತ್ನಗಳ ಗುಣದೋಷಗಳ ವಿಚಾರ ಬರುತ್ತದೆ. ಅವನಿಗಿಂತ ಬಹಳ ಹಿಂದೆಯೇ ಕೌಟಿಲ್ಯನೂ ವರಾಹಮಿಹಿರನೂ ಈ ವಿಷಯಕ್ಕೆ ಅಧ್ಯಾಯಗಳನ್ನು ಮೀಸಲಿಟ್ಟಿದ್ದರು. ಪೋರ್ಚುಗೀಸ್ ಪ್ರವಾಸಿ ಪಾಯೆಸ್ ಸುಮಾರು 1520ರಲ್ಲಿ ವಿಜಯನಗರದ ಬೀದಿಯಲ್ಲಿ ಮಾಣಿಕ್ಯ, ವಜ್ರ, ಪಚ್ಚೆ, ಮುತ್ತುಗಳ ಮಾರಾಟವನ್ನು ಕಣ್ಣಾರೆ ಕಂಡ. ಆದರೆ ಅಂದು ಕೊಳ್ಳುತ್ತಿದ್ದವರು ಅರಸರು, ಶ್ರೀಮಂತರು. ಅವರ ಪಕ್ಕದಲ್ಲಿ ಪರೀಕ್ಷಕರು ಇರುತ್ತಿದ್ದರು. ಇಂದು ಕೊಳ್ಳುವವನು ನಿವೃತ್ತ ಗುಮಾಸ್ತ. ಅವನ ಪಕ್ಕದಲ್ಲಿರುವುದು ಅವನ ಕಾಯಿಲೆ, ಅಷ್ಟೆ.

ಹರಳನ್ನು ಕಾಯಿಸಿದ್ದು ತಪ್ಪಲ್ಲ. ಗಾಜು ತುಂಬಿದ್ದೂ ತಪ್ಪಲ್ಲ. 'ಗಾಜು ತುಂಬಿದ ಹರಳು, ಇಷ್ಟು ಬೆಲೆ, ಬೆಂಕಿಗೆ ಹಿಡಿಯಬೇಡಿ' ಎಂದು ಹೇಳಿ ಮಾರಿದರೆ ಅದು ಮರ್ಯಾದೆಯ ವ್ಯಾಪಾರ. ಕೃತಕವೆಂದೇ ಹೆಸರಾದ ಅಮೆರಿಕನ್ ಡೈಮಂಡನ್ನು ನಮ್ಮ ಹೆಣ್ಣುಮಕ್ಕಳು ಸಂತೋಷದಿಂದ ಧರಿಸುವುದಿಲ್ಲವೆ? ಫ್ರಾನ್ಸಿನ ವೆರ್ನೂಯ್ 1902ರಲ್ಲಿ ಪ್ರಕಟಿಸಿದ ವಿಧಾನದಿಂದ ತಯಾರಾದ ಮಾಣಿಕ್ಯಗಳು ಕೈಗಡಿಯಾರಗಳೊಳಗೆ ಪ್ರಾಮಾಣಿಕವಾಗಿ ದುಡಿಯುತ್ತಿಲ್ಲವೆ? ತಪ್ಪಿರುವುದು ಮಾತಿಗೂ ಬರಹಕ್ಕೂ ನಡುವೆ. ಬಾಯಿ ಕನ್ನಡದಲ್ಲಿ 'ಬೆಂಕಿ ಕಂಡಿಲ್ಲ' ಎನ್ನುತ್ತದೆ. ಕಾರ್ಡು ಇಂಗ್ಲಿಷಿನಲ್ಲಿ 'ಗಾಜು ತುಂಬಿದೆ' ಎನ್ನುತ್ತದೆ. ರಶೀದಿ ಎರಡನ್ನೂ ಹೇಳದೆ 'ರತ್ನದ ಉಂಗುರ, ಒಂದು' ಎಂದಿಷ್ಟೇ ಬರೆದು ಸುಮ್ಮನಾಗುತ್ತದೆ. 'ನೈಸರ್ಗಿಕ' ಎಂಬ ಪದವಂತೂ ಎಷ್ಟು ಜಾಣತನದ್ದೆಂದರೆ, ಅದು ಪೂರ್ತಿ ಸುಳ್ಳೂ ಅಲ್ಲ. ಕಲ್ಲು ಭೂಮಿಯಿಂದ ಬಂದದ್ದು ನಿಜ. ಆಮೇಲೆ ಏನಾಯಿತೆಂಬುದನ್ನು ಆ ಪದ ಹೇಳುವುದಿಲ್ಲ.

ಗ್ರಹಗಳಲ್ಲಿ ಶ್ರದ್ಧೆಯುಳ್ಳವರೊಡನೆ ನಾನು ಇಲ್ಲಿ ವಾದಕ್ಕಿಳಿದಿಲ್ಲ. ಆದರೆ ಆ ಶ್ರದ್ಧೆಯ ಲೆಕ್ಕದಲ್ಲಿಯೇ ನೋಡಿ. ಕಾಯಿಸಿದ ಹರಳಿಗೆ ಶಕ್ತಿಯಿಲ್ಲವೆಂದು ಹೇಳುವವರು ಅಂಗಡಿಯವರೇ. ಹಾಗೆಂದ ಮೇಲೆ ಅರ್ಧ ಗಾಜಾದ ಹರಳನ್ನು ಕೊಟ್ಟವರು ಭಕ್ತನಿಗೂ ಮೋಸ ಮಾಡಿದರು, ರೋಗಿಗೂ ಮೋಸ ಮಾಡಿದರು. ಇನ್ನು ವೈದ್ಯಶಾಸ್ತ್ರದ ಲೆಕ್ಕ ಬಹಳ ಚಿಕ್ಕದು. ಪೊರೆಯೆಂದರೆ ಕಣ್ಣಿನೊಳಗಿನ ಮಸೂರವೇ ಮಬ್ಬಾಗುವುದು. ಅದನ್ನು ತಿಳಿಗೊಳಿಸುವ ಗುಳಿಗೆಯಿಲ್ಲ, ಕಲ್ಲಿಲ್ಲ. ಮಬ್ಬಾದ ಮಸೂರವನ್ನು ತೆಗೆದು ಕೃತಕ ಮಸೂರವನ್ನು ಇರಿಸುವ ಶಸ್ತ್ರಕ್ರಿಯೆಯೊಂದೇ ಮಾರ್ಗ. 1976ರಿಂದ ನಡೆದುಬಂದಿರುವ ರಾಷ್ಟ್ರೀಯ ಅಂಧತ್ವ ನಿಯಂತ್ರಣ ಕಾರ್ಯಕ್ರಮದ ಮೂಲಕ ಸರಕಾರಿ ಆಸ್ಪತ್ರೆಗಳಲ್ಲಿ ಇದನ್ನು ಉಚಿತವಾಗಿ ಮಾಡುತ್ತಾರೆ.

ಕಾನೂನು ಸುಮ್ಮನಿಲ್ಲ, ನಾವು ಅದನ್ನು ಓದಿಲ್ಲ, ಅಷ್ಟೆ. 1954ರ ಔಷಧ ಮತ್ತು ಮಾಂತ್ರಿಕ ಪರಿಹಾರಗಳ (ಆಕ್ಷೇಪಾರ್ಹ ಜಾಹೀರಾತು) ಕಾಯಿದೆಯು, ರೋಗವನ್ನು ಪವಾಡಶಕ್ತಿಯಿಂದ ಗುಣಪಡಿಸುತ್ತವೆಂದು ಹೇಳಲಾಗುವ ತಾಯಿತ, ಕವಚ ಮುಂತಾದ ಸಕಲ ವಸ್ತುಗಳನ್ನೂ 'ಮಾಂತ್ರಿಕ ಪರಿಹಾರ'ವೆಂದು ಎಣಿಸುತ್ತದೆ. ಅದರ ಅನುಸೂಚಿಯಲ್ಲಿರುವ ರೋಗಗಳ ಪಟ್ಟಿಯಲ್ಲಿ ಕಣ್ಣಿನ ಪೊರೆ ಇದೆ, ಮಧುಮೇಹವಿದೆ, ಅರ್ಬುದವಿದೆ. 2013ರ ಮಹಾರಾಷ್ಟ್ರದ ಮಾಟಮಂತ್ರ ವಿರೋಧಿ ಕಾಯಿದೆಯ ಆಧಾರದಲ್ಲಿ, ಪವಾಡಶಕ್ತಿಯಿದೆಯೆಂದು ಹೇಳಿ ಯಂತ್ರಗಳನ್ನು ಮಾರುವ ಟಿ.ವಿ. ಜಾಹೀರಾತುಗಳು ಕಾನೂನುಬಾಹಿರವೆಂದು ಮುಂಬಯಿ ಉಚ್ಚ ನ್ಯಾಯಾಲಯದ ಔರಂಗಾಬಾದ್ ಪೀಠ 2021ರ ಜನವರಿಯಲ್ಲಿ ತೀರ್ಪಿತ್ತಿತು. 2019ರ ಗ್ರಾಹಕ ಸಂರಕ್ಷಣಾ ಕಾಯಿದೆಯ ಪ್ರಕಾರ ದಾರಿತಪ್ಪಿಸುವ ಜಾಹೀರಾತಿಗೆ 10 ಲಕ್ಷ ರೂಪಾಯಿಯವರೆಗೆ ದಂಡ ವಿಧಿಸಬಹುದು. ಅಂಥದನ್ನು ಪ್ರಕಟಿಸಿದವರೂ ಅದರ ವ್ಯಾಪ್ತಿಗೆ ಬರುತ್ತಾರೆ. 2022ರ ಜೂನಿನಲ್ಲಿ ಹೊರಬಿದ್ದ ಮಾರ್ಗಸೂಚಿಗಳಲ್ಲಿ ನನಗೆ ಅತ್ಯಂತ ಮೆಚ್ಚಿಗೆಯಾದದ್ದು ಒಂದು ನಿಯಮ: ಜಾಹೀರಾತಿನ ದೊಡ್ಡ ಮಾತಿಗೆ ಅಡಿಟಿಪ್ಪಣಿಯನ್ನು ಸೇರಿಸುವುದಾದರೆ ಅದು ಆ ಮಾತಿನ ಭಾಷೆಯಲ್ಲಿಯೇ, ಅದೇ ಅಕ್ಷರರೂಪದಲ್ಲಿಯೇ ಇರಬೇಕು; ಮತ್ತು ಆ ಮಾತನ್ನೇ ತಿರುಗುಮುರುಗು ಮಾಡಕೂಡದು. ಅದು ಜಾಹೀರಾತಿಗೆ ಹಾಕಿದ ನಿಯಮ. ಅಂಗಡಿಯ ಕಾರ್ಡಿಗೂ ಅದೇ ನ್ಯಾಯ ಸಲ್ಲಬೇಕೆಂದು ಹೇಳಲು ವಕೀಲಿ ಓದಬೇಕಾಗಿಲ್ಲ. ಅಮೆರಿಕದ ವ್ಯಾಪಾರ ಆಯೋಗವೂ, ಸಂಸ್ಕಾರವು ಶಾಶ್ವತವಲ್ಲದಿದ್ದರೆ, ವಿಶೇಷ ಜೋಪಾಸನೆ ಬೇಡಿದರೆ, ಅಥವಾ ಬೆಲೆಯನ್ನು ಗಣನೀಯವಾಗಿ ಇಳಿಸುವಂತಿದ್ದರೆ ಅದನ್ನು ಕೊಳ್ಳುವವನಿಗೆ ತಿಳಿಸಲೇಬೇಕೆನ್ನುತ್ತದೆ. ಸೀಸದ ಗಾಜಿಗೆ ಈ ಮೂರೂ ಅನ್ವಯಿಸುತ್ತವೆ.

ಹರಳು ಕೊಳ್ಳಲೇಬೇಕೆನ್ನುವವರಿಗೆ ಕೆಲವು ವ್ಯಾವಹಾರಿಕ ಮಾತುಗಳು. ಹಾಲ್‌ಮಾರ್ಕ್ ಮುದ್ರೆ ಬಂಗಾರದ ಶುದ್ಧತೆಯನ್ನು ಮಾತ್ರ ಹೇಳುತ್ತದೆ. ಅದರ ಮೇಲೆ ಕುಳಿತ ಕಲ್ಲಿನ ವಿಷಯದಲ್ಲಿ ಅದು ಮೂಕ. ನಮ್ಮ ಹಿರಿಯರು ಮಾತ್ರವಲ್ಲ, ಬಹಳ ಮಂದಿ ವಿದ್ಯಾವಂತರೂ ಇಲ್ಲಿ ಎಡವುತ್ತಾರೆ. ತೂಕವನ್ನು ರತ್ತಿಯಲ್ಲಿ ಒಪ್ಪಬೇಡಿ. ಗುಲಗಂಜಿಯ ಹಳೆಯ ರತ್ತಿ ಸುಮಾರು 0.12 ಗ್ರಾಮಿನದು, ಪೇಟೆಯ 'ಪಕ್ಕಾ' ರತ್ತಿ ಬೇರೆ. ಕ್ಯಾರೆಟ್ ಎಂದರೆ ಎಲ್ಲೆಡೆಯೂ 0.2 ಗ್ರಾಮೇ. ರಶೀದಿಯಲ್ಲಿ ಹರಳಿನ ಹೆಸರು, ಕ್ಯಾರೆಟ್ ತೂಕ, ಮತ್ತು ಯಾವ ಸಂಸ್ಕಾರವಾಗಿದೆ ಅಥವಾ ಏನೂ ಆಗಿಲ್ಲ ಎಂಬ ಸಾಲು, ಇಷ್ಟನ್ನು ಅಂಗಡಿಯವರ ಸಹಿಯೊಡನೆ ಬರೆಸಿಕೊಳ್ಳಿ. ಬಾಯಲ್ಲಿ ಧಾರಾಳವಾಗಿ ಹೇಳಿದವರು ಬರೆಯುವಾಗ ಲೇಖನಿ ತಡೆದರೆ ನಿಮಗೆ ಉತ್ತರ ಸಿಕ್ಕಿತೆಂದೇ ತಿಳಿಯಿರಿ. ಬೆಲೆ ದೊಡ್ಡದಾದರೆ, ಅಂಗಡಿಯವರ ಕಾರ್ಡನ್ನು ಬದಿಗಿಟ್ಟು, ಮುಂಬಯಿಯ ಜೆಮಾಲಜಿಕಲ್ ಇನ್‌ಸ್ಟಿಟ್ಯೂಟ್ ಆಫ್ ಇಂಡಿಯಾದಂಥ ಸ್ವತಂತ್ರ ಪರೀಕ್ಷಾಲಯಕ್ಕೆ ನೀವೇ ಒಯ್ಯಿರಿ. ವರದಿ ಬಂದಾಗ ಮೇಲಿನ ದಪ್ಪಕ್ಷರಕ್ಕಿಂತ ಮೊದಲು ಕೆಳಗಿನ ಟಿಪ್ಪಣಿಯನ್ನು ಓದಿಸಿಕೊಳ್ಳಿ.

ಮೋಸಹೋದವರು ನಾಚಿಕೆಯಿಂದ ಸುಮ್ಮನಿರುವುದೇ ಈ ವ್ಯಾಪಾರದ ನಿಜವಾದ ಬಂಡವಾಳ. ರಾಷ್ಟ್ರೀಯ ಗ್ರಾಹಕ ಸಹಾಯವಾಣಿಯ ಸಂಖ್ಯೆ 1915. ದೂರನ್ನು ನಾವು ವಾಸಿಸುವ ಜಿಲ್ಲೆಯ ಗ್ರಾಹಕ ಆಯೋಗದಲ್ಲಿಯೇ ಸಲ್ಲಿಸಬಹುದು. ದಿವಾದವರಿಗೆ ಠಾಣೆ ಮೂರು ಸ್ಟೇಷನ್ನಿನ ದೂರ. ಕೊಟ್ಟ ಬೆಲೆ 5 ಲಕ್ಷ ರೂಪಾಯಿಯೊಳಗಿದ್ದರೆ ಶುಲ್ಕವಿಲ್ಲ. ಎರಡು ವರ್ಷದ ಅವಧಿ ಮೀರಕೂಡದು. ನಮ್ಮ ಹಿರಿಯರು ದೂರು ಕೊಡಲಿಲ್ಲ. "ಊರಿನ ಕಡೆಯವರು" ಎಂದರು. ಅದನ್ನು ಕೇಳಿ ನನಗೆ ಬಂದ ಸಿಟ್ಟು ಇನ್ನೂ ಇಳಿದಿಲ್ಲ.

ಅವರಿಗೆ ಕಳೆದ ಚಳಿಗಾಲದಲ್ಲಿ ಸರಕಾರಿ ಆಸ್ಪತ್ರೆಯೊಂದರಲ್ಲಿ ಬಲಗಣ್ಣಿನ ಶಸ್ತ್ರಕ್ರಿಯೆಯಾಯಿತು. ಬಿಡುಗಡೆಯ ಕಾಗದವನ್ನು ನಾನು ನೋಡಿದೆ. ಕಣ್ಣಿನೊಳಗೆ ಇರಿಸಿದ ಕೃತಕ ಮಸೂರದ ಚೀಟಿಯನ್ನು ಅದರ ಮೇಲೆ ಅಂಟಿಸಿದ್ದರು: ತಯಾರಕರ ಹೆಸರು, ಶಕ್ತಿಯ ಅಂಕಿ, ಕ್ರಮಸಂಖ್ಯೆ. ಯಾರಿಗೂ ಕಾಣದ ಆ ಚೂರಿಗೆ ಇಷ್ಟು ದಾಖಲೆ! ಒಂದು ವಾರದ ಮೇಲೆ ಅವರು ಹರಳಿನ ಕಾರ್ಡನ್ನು ನನ್ನಿಂದ ಇಸಿದುಕೊಂಡು, ಕೆಳಗಿನ ಸಾಲನ್ನು ತಾವೇ ಅಕ್ಷರ ಕೂಡಿಸಿ ಓದಿ, ಅಕ್ಕಸಾಲಿಗ ಮಿತ್ರರ ಅಂಗಡಿಗೆ ಹೋಗಿ ಬಂದರು. ಅಲ್ಲಿ ಏನು ಮಾತಾಯಿತೆಂದು ನಾನು ಕೇಳಲಿಲ್ಲ.

ಉಳಿದದ್ದು ನಮ್ಮ ಸಂಘದ ಮಾತು. ಆ ಅರ್ಧಪುಟದಿಂದ ನಮಗೆ ಹಣ ಬಂದಿತ್ತು. ಆ ಹಣದಿಂದ ಮಕ್ಕಳಿಗೆ ಪುಸ್ತಕ ಹಂಚಿದ್ದೆವು. ಒಂದು ಪುಟದಲ್ಲಿ ವೈದ್ಯರ ಲೇಖನ, ಅದರ ಎದುರು ಪುಟದಲ್ಲಿ ರೋಗ ನಿವಾರಿಸುವ ಹರಳು, ಹೀಗೆ ಅಚ್ಚು ಹಾಕುವುದು ನಮಗೆ ಭೂಷಣವಲ್ಲ. ರೋಗದ ಹೆಸರು ಹೇಳಿ ಹರಳು, ಯಂತ್ರ, ತಾಯಿತಗಳನ್ನು ಮಾರುವ ಜಾಹೀರಾತನ್ನು ಸಂಚಿಕೆಗೆ ಸ್ವೀಕರಿಸತಕ್ಕದ್ದಲ್ಲ, ಆಭರಣದ ಅಂಗಡಿಯವರು ಹರಳಿನ ಸಂಸ್ಕಾರವನ್ನು ರಶೀದಿಯಲ್ಲಿ ಬರೆದುಕೊಡುವುದಾಗಿ ಒಪ್ಪಿದಲ್ಲಿ ಮಾತ್ರ ಅವರ ಪ್ರಕಟಣೆಯನ್ನು ಪಡೆಯತಕ್ಕದ್ದು ಎಂಬ ಠರಾವನ್ನು ಮುಂದಿನ ವಾರ್ಷಿಕ ಮಹಾಸಭೆಯಲ್ಲಿ ನಾನು ಮಂಡಿಸಲಿದ್ದೇನೆ. ಕೋಶಾಧಿಕಾರಿಗಳು ಈಗಾಗಲೇ ಮುಖ ಗಂಟಿಕ್ಕಿಕೊಂಡಿದ್ದಾರೆ. ಆದಾಯ ತಗ್ಗುವುದು ನಿಜ, ಅದನ್ನು ನಾನು ಅಲ್ಲಗಳೆಯುವುದಿಲ್ಲ. ಠರಾವಿಗೆ ಅನುಮೋದಕರೊಬ್ಬರು ಬೇಕು. ಒಪ್ಪುವ ಸದಸ್ಯರು ಸಭೆಗೆ ಮುನ್ನ ನನ್ನನ್ನು ಕಾಣಬೇಕಾಗಿ ವಿನಂತಿ.